ಎದುರಿಗೆ ನಿಲ್ಲದವನ ಅಂಗಿ

ನಾನು ಓದು ಬಿಟ್ಟದ್ದು ಸಾವಿರದ ಒಂಬೈನೂರ ಮೂವತ್ತೇಳರಲ್ಲಿ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಬಸರಾಳಿನ ಶಾಲೆಯಲ್ಲಿ ನಮ್ಮ ಮೇಷ್ಟ್ರು ಬೋರ್ಡಿನ ಮೇಲೆ ಬರೆಯಲು ಕೈ ಎತ್ತಿದರೆ ಅವರ ಕೋಟು ಪೂರ್ತಿ ಮೇಲಕ್ಕೆ ಏರುತ್ತಿತ್ತು. ಲೆಕ್ಕ ನೋಡುವುದು ಬಿಟ್ಟು ನಾನು ಆ ಕೋಟನ್ನೇ ನೋಡುತ್ತಿದ್ದೆ. ಕಂಕುಳಲ್ಲಿ ಏನೋ ತಪ್ಪಿದೆ ಎಂದು ಗೊತ್ತಾಗುತ್ತಿತ್ತು, ಏನು ತಪ್ಪು ಎಂದು ಗೊತ್ತಾಗುತ್ತಿರಲಿಲ್ಲ. ಅದನ್ನು ಹೇಳಿಕೊಡುವವರು ಆ ಶಾಲೆಯಲ್ಲಿ ಇರಲಿಲ್ಲ. ನನ್ನ ಅಕ್ಕನನ್ನು ಮಳವಳ್ಳಿಗೆ ಕೊಟ್ಟಿತ್ತು. ಅವಳ ಮನೆಯ ಎದುರಿಗೇ ಚಿಪ್ಪಿಗರ ರಾಮೋಜಿರಾಯರ ಹೊಲಿಗೆ ಅಂಗಡಿ. ಅಲ್ಲಿಗೆ ಹೋಗಿ ಕೂತೆ. ಎದ್ದದ್ದು ಮುದುಕನಾದ ಮೇಲೆ.

ಈಗ ಈ ಕೆಲಸಕ್ಕೆ ಬರುವ ಹುಡುಗರು ನನ್ನನ್ನು ಕೇಳುವುದು ಒಂದೇ ಮಾತು: ‘ರೆಡಿಮೇಡ್ ಮುಂದೆ ನಾವು ಉಳೀತೀವಾ ಅಣ್ಣ?’ ಉಳಿಯುತ್ತೀರೋ ಇಲ್ಲವೋ ನನಗೆ ತಿಳಿಯದು. ನಾನು ಯಾವ ಕೆಲಸ ಮಾಡಿ ಉಳಿದೆ, ಆ ಕೆಲಸದಲ್ಲಿ ಎಲ್ಲಿ ಹೆದರಬೇಕು ಎನ್ನುವುದು ತಿಳಿದಿದೆ. ಅದನ್ನು ಬರೆಯುತ್ತೇನೆ. ನಾನು ಎಷ್ಟು ಅಂಗಡಿ ಇಟ್ಟೆ, ಎಷ್ಟು ಜನರನ್ನು ಕೆಲಸಕ್ಕೆ ಇಟ್ಟುಕೊಂಡೆ ಎಂಬುದೆಲ್ಲ ನಿಮಗೆ ಬೇಡದ ಮಾತು.

ರಾಯರ ಅಂಗಡಿಯಲ್ಲಿ ಬಟ್ಟೆ ಕೊಟ್ಟು ಹೋಗುವ ಪದ್ಧತಿ ಇರಲಿಲ್ಲ. ಬಟ್ಟೆ ತಂದವನು ಕೂರಬೇಕು. ಅವನೊಬ್ಬನೇ ಬಂದರೂ ಆಗದು. ಮನೆಯಿಂದ ಇಬ್ಬರಾದರೂ ಬರಬೇಕು. ‘ಅಂಗಿ ಹಾಕೋನು ಅಂಗೀನ ನೋಡೋದೇ ಇಲ್ಲ ಕಣಯ್ಯ, ನೋಡೋರು ಮನೆಯೋರು. ಅವರೂ ಬಾಯಿ ಬಿಡಲಿ’ ಎನ್ನುತ್ತಿದ್ದರು. ಜಗಲಿಯ ಮೇಲೆ ಚಾಪೆ ಹಾಸಿ ಎಲ್ಲರನ್ನೂ ಕೂರಿಸಿ, ಅಂಗಿ ಬೇಕಾದವನನ್ನು ನಡುವೆ ನಿಲ್ಲಿಸಿ, ಅವನ ಮೈಮೇಲೆ ಒಂದು ಹಳೆಯ ಒರಟು ಬಟ್ಟೆ ಹೊದಿಸುತ್ತಿದ್ದರು. ಆಮೇಲೆ ಅವರವರೇ ಶುರು ಮಾಡುತ್ತಿದ್ದರು. ಹೆಂಡತಿ ಒಂದು ಕಡೆ ಎಳೆಯುವಳು, ಅಪ್ಪ ಒಂದು ಕಡೆ ಮಡಿಸುವನು. ರಾಯರು ಗುಂಡುಸೂಜಿ ಚುಚ್ಚುತ್ತಾ, ಸೀಮೆಸುಣ್ಣದಲ್ಲಿ ಗೆರೆ ಹಾಕುತ್ತಾ ಹೋಗುವರು. ಜಗಳ ಮುಗಿದು ಎಲ್ಲರೂ ಒಪ್ಪಿದ ಮೇಲೆ ಆ ಗೆರೆಗಳನ್ನು ಒಳ್ಳೆಯ ಬಟ್ಟೆಗೆ ಇಳಿಸುವುದು. ಕತ್ತರಿ ಹಾಕುವ ಮೊದಲು, ಮಾತಾಡಿದವರೆಲ್ಲ ಬಟ್ಟೆಯ ಮೇಲೆ ಅಂಗೈ ಒತ್ತಬೇಕು. ಕೊನೆಯ ಕೈ ಅಂಗಿ ಹಾಕುವವನದು. ಆ ಕೈ ಬೀಳದೆ ರಾಯರು ಕತ್ತರಿ ಮುಟ್ಟಿದ್ದನ್ನು ನಾನು ನೋಡಿರಲಿಲ್ಲ.

ಜನ ಇದನ್ನು ನೋಡಿ ನಗುತ್ತಿದ್ದರು. ನಾನೂ ಮೊದಮೊದಲು ನಕ್ಕವನೇ. ಒಂದು ದಿನ ಮದ್ದೂರು ಕಡೆಯ ಒಬ್ಬ ರೈತ, ಅವನ ಮುದುಕಿ ಅಜ್ಜಿ, ಅವನ ಭಾವಮೈದ ಬಂದು ಕೂತರು. ಅಂಗಿ ಪೇಟೆಯವರ ಹಾಗೆ ಮೈಗೆ ಅಂಟಿದಂತೆ ಇರಬೇಕೆಂದು ಭಾವಮೈದನ ಹಟ. ಅಜ್ಜಿ ಸುಮ್ಮನೆ ಎಲೆ ಅಡಿಕೆ ಅಗಿಯುತ್ತಿದ್ದಳು. ರಾಯರು, ‘ನೀವೇನಂತೀರಿ ಅಜ್ಜಿ?’ ಎಂದರು.

‘ಅವನು ಉಳೋನು ಕಣಪ್ಪ. ನೇಗ್ಲು ಅದುಮ್ವಾಗ ಕೈ ಎಲ್ಲಿಗೆ ಓಯ್ತದೆ ಅಂತ ಇವನ್ಗೇನು ಗೊತ್ತು, ಮಂಡ್ಯದಾಗೆ ಕಾಪಿ ಕುಡ್ಕೊಂಡು ಕೂತಿರೋನ್ಗೆ? ಕಂಕ್ಳಲ್ಲಿ ಒಂದು ಚೌಕ ಬಟ್ಟೆ ಇಕ್ಕು. ಗಾಳಿ ಬರ್ಲಿ.’

ರಾಯರು ಕಂಕುಳಲ್ಲಿ ಚೌಕ ತುಂಡು ಇಟ್ಟು ಹೊಲಿದರು. ಆ ರೈತ ಕೈ ಮೇಲೆತ್ತಿದ. ಅಂಗಿ ಸೊಂಟ ಬಿಟ್ಟು ಏಳಲಿಲ್ಲ. ನಮ್ಮ ಮೇಷ್ಟ್ರ ಕೋಟಿನ ತಪ್ಪು ನನಗೆ ಆ ಹೊತ್ತು ಗೊತ್ತಾಯಿತು. ಆ ಚೌಕವನ್ನು ನಾನು ಎಷ್ಟು ಜನಕ್ಕೆ ಇಟ್ಟಿದ್ದೇನೋ. ಯಾವ ಸೈಜಿನ ಪಟ್ಟಿಯಲ್ಲೂ ಅದು ಇಲ್ಲ.

ಇಷ್ಟು ಒಳ್ಳೆಯ ಪದ್ಧತಿಯೊಳಗೆ ಒಂದು ಹೆದರಿಕೆಯೂ ಇದೆ. ಅದನ್ನು ಕಂಡದ್ದು ಸಿದ್ದಮ್ಮನ ಮಗನ ಅಂಗಿಯಲ್ಲಿ.

ಸಿದ್ದಮ್ಮ ಶಿಂಷಾ ಹೊಳೆ ಕಡೆಯ ಒಂದು ಹಳ್ಳಿಯವಳು. ಗಂಡ ಇಲ್ಲ, ಒಬ್ಬನೇ ಮಗ ಪುಟ್ಟಮಾದ. ಅವನು ಕೆಂಪಮ್ಮ ಎಂಬ ಹುಡುಗಿಯನ್ನು ಮದುವೆಯಾಗಿ, ಹೊಸತು ಮಾಸುವ ಮೊದಲೇ ಪಟಾಲಮಿಗೆ ಸೇರಿ, ಹಡಗು ಹತ್ತಿ ಮಲಯ ದೇಶಕ್ಕೆ ಹೋದ. ಒಂದಷ್ಟು ದಿನ ಕಾಗದ ಬಂತು. ಸಿಂಗಪುರ ಬಿತ್ತು ಎಂಬ ಸುದ್ದಿ ಬಂದ ಮೇಲೆ ಕಾಗದ ನಿಂತಿತು. ಸತ್ತನೆಂದು ಸರ್ಕಾರ ಹೇಳಲಿಲ್ಲ, ಇದ್ದಾನೆಂದೂ ಹೇಳಲಿಲ್ಲ. ಕೆಂಪಮ್ಮನ ಅಪ್ಪ ಬಂದು, ‘ನನ್ನ ಮಗಳನ್ನ ಕಳಿಸ್ಕೊಡು, ಬೇರೆ ಕಡೆ ಸೀರೆ ಉಡಿಸ್ತೀನಿ’ ಎಂದು ಕೂತನಂತೆ. ಅವರಲ್ಲಿ ಅದು ನಡೆಯುತ್ತದೆ. ಗಂಡ ಸತ್ತವಳಿಗೆ ಇನ್ನೊಂದು ಮನೆಯವರು ಸೀರೆ ಕೊಟ್ಟು ಕರೆದುಕೊಳ್ಳುವುದು. ಆದರೆ ಗಂಡ ಸತ್ತಿರಬೇಕು.

ಸಿದ್ದಮ್ಮ ಅದಕ್ಕೆ ಬಾಯಲ್ಲಿ ಉತ್ತರ ಕೊಡಲಿಲ್ಲ. ಯುಗಾದಿಗೆ ಮುಂಚೆ ಸೊಸೆಯನ್ನೂ ಪಕ್ಕದ ಮನೆಯ ನಂಜನನ್ನೂ ಕರೆದುಕೊಂಡು, ಒಂದು ತುಂಡು ಬಿಳಿ ಬಟ್ಟೆ ಕಂಕುಳಲ್ಲಿ ಇಟ್ಟುಕೊಂಡು ನಮ್ಮ ಅಂಗಡಿಗೆ ಬಂದಳು.

‘ನನ್ನ ಮಗನ್ಗೆ ಒಂದು ಅಂಗಿ ಒಲೀರಿ ರಾಯರೇ.’

‘ಮಗ ಎಲ್ಲಿ?’

‘ಬತ್ತಾನೆ. ಬಂದಾಗ ಆಕ್ಕತಾನೆ.’

ರಾಯರು ಬಟ್ಟೆಯನ್ನು ಹಿಂದಕ್ಕೆ ಸರಿಸಿದರು. ‘ಎದುರಿಗೆ ನಿಲ್ಲದೋರಿಗೆ ನಾನು ಕತ್ತರಿ ಹಾಕಲ್ಲ ಸಿದ್ದಮ್ಮ. ಹಳೇ ಅಂಗಿ ತಂದಿದ್ದೀಯಾ ಅಳತೆಗೆ?’

‘ಅಳೇ ಅಂಗಿ ಅಳೇ ಮೈದು. ಅವನು ಬೆಳ್ದಿರಾಕಿಲ್ವಾ? ಇವನ್ನ ನಿಲ್ಲಿಸ್ಕಳಿ. ಇಬ್ರೂ ಒಂದೇ ಓರ್ಗೆ, ಒಂದೇ ಎತ್ರ. ಮಿಕ್ಕಿದ್ದು ನಾನು ಏಳ್ತೀನಿ.’

ನಂಜ ನನ್ನ ವಯಸ್ಸಿನವನೇ. ನಗುನಗುತ್ತಾ ಬಂದು ನಡುವೆ ನಿಂತ. ಎದೆ ಅಗಲ, ಎರಡು ಭುಜವೂ ನೊಗದ ಹಾಗೆ ನೆಟ್ಟಗೆ. ನಾನು ಒರಟು ಬಟ್ಟೆ ಹೊದಿಸುತ್ತಾ, ‘ಏನ್ಲಾ ನಂಜ, ಮೈ ನಿಂದು, ಅಂಗಿ ಮಾತ್ರ ನಿಂದಲ್ಲ’ ಎಂದೆ.

‘ಓಗ್ಲಿ ಬುಡ್ಲಾ. ನಿಂತ್ಕಳಾಕೆ ನಮ್ಮಪ್ಪನ ಗಂಟೇನು ಓಯ್ತದೆ?’

ಸಿದ್ದಮ್ಮ ಎದ್ದು ಅವನ ಸುತ್ತ ಒಂದು ಸುತ್ತು ಬಂದಳು. ‘ಅವನು ಇಂಗೆ ನಿಲ್ಲಾಕಿಲ್ಲ. ಎಡಭುಜ ಇಳೀಲಿ. ಇನ್ನೂ. ಕತ್ತು ಒಸಿ ಬಲಕ್ಕೆ.’ ನಂಜ ಇಳಿಸಿದ. ಅವಳು ಸೊಸೆಯ ಕಡೆ ತಿರುಗಿ, ‘ಕೈ ಎಂಗೆ ಇಟ್ಕತಿದ್ದ ಏಳಮ್ಮಿ’ ಎಂದಳು. ಕೆಂಪಮ್ಮ ನೆಲ ನೋಡುತ್ತಾ, ‘ಇಂದಕ್ಕೆ ಕಟ್ಕತಿದ್ರು’ ಎಂದಳು. ನಂಜ ಕೈ ಹಿಂದಕ್ಕೆ ಕಟ್ಟಿಕೊಂಡ. ಆಗ ಸಿದ್ದಮ್ಮನ ಮುಖ ಬದಲಾಯಿತು. ಅಷ್ಟು ಹೊತ್ತು ಗೊಣಗುತ್ತಿದ್ದವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಳು.

ರಾಯರು ಆ ತಾಯಿಯ ಮುಖ ನೋಡಿ ಒಪ್ಪಿದರು. ಗೆರೆ ಆಯಿತು, ಬಟ್ಟೆಗೆ ಇಳಿಸಿದ್ದಾಯಿತು. ಸಿದ್ದಮ್ಮ ಅಂಗೈ ಒತ್ತಿದಳು, ಕೆಂಪಮ್ಮ ಒತ್ತಿದಳು. ಅಂಗಿ ಹಾಕುವವನ ಕೈ ಇರಲಿಲ್ಲ. ರಾಯರು ಕತ್ತರಿ ಕೆಳಗಿಟ್ಟರು. ಸಿದ್ದಮ್ಮ ನಂಜನ ಕೈ ಹಿಡಿದು ತಂದು ಬಟ್ಟೆಯ ಮೇಲೆ ಒತ್ತಿದಳು.

‘ಅವನ ಬದ್ಲು’ ಎಂದಳು.

ನಂಜ ಆಗಲೂ ನಗುತ್ತಿದ್ದ.

ಅಂಗಿಯನ್ನು ಅವಳು ಮನೆಗೆ ಒಯ್ದು ತೊಲೆಯ ಗೂಟಕ್ಕೆ ನೇತುಹಾಕಿದಳಂತೆ. ಬೀಗರು ಮತ್ತೆ ಬಂದಾಗ ಅದನ್ನು ತೋರಿಸಿ, ‘ಸತ್ತೋನ್ಗೆ ಯಾರಾನಾ ಒಸ ಅಂಗಿ ಒಲಿಸ್ತಾರಾ?’ ಎಂದಳಂತೆ. ಅವರು ಎದ್ದು ಹೋದರು. ಆಮೇಲೆ ವರ್ಷವೂ ಯುಗಾದಿಗೆ ಮುಂಚೆ ಆ ಮೂವರೂ ಬರುವುದು ವಾಡಿಕೆಯಾಯಿತು. ಒಂದು ವರ್ಷ ಅಂಗಿ ತಪ್ಪಿದರೆ ಕೆಂಪಮ್ಮ ತವರಿಗೆ ಹೋಗಬಹುದು. ಅಂಗಿ ಹೊಲಿಸುವ ತನಕ ಅವಳು ಗಂಡ ಇರುವವಳು. ಅವಳ ಬಾಳು ಆ ಅಂಗಿಯ ಮೇಲೆ ನಿಂತಿತ್ತು. ಅವಳಿಗೆ ಏನು ಬೇಕೆಂದು ಯಾರೂ ಕೇಳಲಿಲ್ಲ.

ಈ ನಡುವೆ ನಾನು ಮಂಡ್ಯಕ್ಕೆ ಹೋದೆ. ಯುದ್ಧದ ಕಾಲ. ಒಬ್ಬ ಕಂಟ್ರಾಕ್ಟರು ಮಿಲಿಟರಿ ಅಂಗಿ ಹೊಲಿಸುತ್ತಿದ್ದ, ಕೂಲಿ ಚೆನ್ನಾಗಿತ್ತು. ಕೈ ಬೆಳೆಯಲಿ ಎಂದು ರಾಯರೇ ಕಳಿಸಿದರು. ಅಲ್ಲಿ ಕೆಲಸವೇ ಬೇರೆ. ಖಾಕಿ ಬಟ್ಟೆಯನ್ನು ಮಡಿಕೆ ಮೇಲೆ ಮಡಿಕೆ ಒಟ್ಟಿ ಒಂದೇ ಏಟಿಗೆ ಕತ್ತರಿಸುವುದು. ಒಬ್ಬ ತೋಳು ಮಾತ್ರ, ಒಬ್ಬ ಕಾಲರು ಮಾತ್ರ. ಪೂರ್ತಿ ಅಂಗಿ ಹೊಲಿದವನು ಅಲ್ಲಿ ಒಬ್ಬನೂ ಇಲ್ಲ. ನನ್ನ ಪಾಲಿಗೆ ಎಡತೋಳು ಬಂದಿತ್ತು. ಆ ವೇಗ, ಆ ಒಂದೇ ಸಮನೆ ಹೊಲಿಗೆ ನಾನು ಕಲಿತದ್ದು ಅಲ್ಲೇ, ಸುಳ್ಳು ಹೇಳಲಾರೆ.

ಮುಗಿದ ಅಂಗಿಗಳನ್ನು ಹಿಂದಿನ ಗೋಡೌನಿನಲ್ಲಿ ಸಾಲುಸಾಲಾಗಿ ಹಗ್ಗಕ್ಕೆ ಹಾಕುತ್ತಿದ್ದರು. ಒಂದು ಮಧ್ಯಾಹ್ನ ದಾರ ತರಲು ಒಳಗೆ ಹೋದೆ. ಬಾಗಿಲು ತೆಗೆದದ್ದೇ ಗಾಳಿ ನುಗ್ಗಿ ಅಷ್ಟೂ ಅಂಗಿಗಳು ಒಟ್ಟಿಗೆ ಉಬ್ಬಿ ಎದ್ದವು. ಒಂದೇ ಅಗಲದ ಎದೆ, ಒಂದೇ ಉದ್ದದ ತೋಳು, ಕತ್ತಿನ ಮೇಲೆ ಏನೂ ಇಲ್ಲ. ಎಲ್ಲವೂ ನನ್ನ ಕಡೆಗೇ ತಿರುಗಿದ ಹಾಗಿತ್ತು. ದಾರ ತೆಗೆದುಕೊಳ್ಳದೆ ಹೊರಗೆ ಬಂದೆ.

ಅಲ್ಲಿನ ಮೇಸ್ತ್ರಿ ಬೀಡಿ ಸೇದುತ್ತಾ ಕೂತಿದ್ದ. ‘ಇವನ್ನ ಆಕ್ಕಳೋರು ಯಾರು ಮೇಸ್ತ್ರಿ? ಎಲ್ರೂ ಒಂದೇ ಅಳ್ತೆ ಇರ್ತಾರಾ?’ ಎಂದು ಕೇಳಿದೆ.

‘ಇರಾಕಿಲ್ಲ. ಆಯ್ತಾರೆ.’

‘ಎಂಗೆ?’

‘ದಿನಾ ಆಕ್ಕಂಡ್ರೆ ಆಯ್ತಾರೆ. ಅಂಗಿ ಏನು ಮನ್ಸನ ಮಾತು ಕೇಳ್ತದಾ? ನಡಿ, ಎಡತೋಳು ಬಾಕಿ ಬಿದ್ದವೆ.’

ರಾಯರ ಕಣ್ಣಿಗೆ ಪೊರೆ ಬಂತು, ಸೂಜಿ ಕಾಣುತ್ತಿಲ್ಲ ಎಂದು ಅಕ್ಕನಿಂದ ಸುದ್ದಿ ಬಂದಾಗ, ಇದ್ದಿಲ ಗ್ಯಾಸಿನ ಬಸ್ಸು ಹತ್ತಿ ಮದ್ದೂರಿನ ಮೇಲೆ ಮಳವಳ್ಳಿಗೆ ವಾಪಸು ಬಂದೆ. ಅಂದಿನಿಂದ ಕತ್ತರಿ ನನ್ನ ಕೈಗೆ ಬಂತು. ರಾಯರು ಚಾಪೆಯ ಮೇಲೆ ಕೂತು ಜನರ ಮಾತು ಕೇಳುತ್ತಾ, ನಾನು ಹಾಕಿದ ಗೆರೆಯನ್ನು ಬೆರಳಲ್ಲಿ ತಡವಿ, ಸರಿ ತಪ್ಪು ಹೇಳುತ್ತಿದ್ದರು.

ಯುಗಾದಿ ಬಂತು. ಆ ಮೂವರೂ ಬಂದರು. ಬಟ್ಟೆಗೆ ಕಂಟ್ರೋಲು ಬಂದ ಕಾಲ. ಉಡಲು ಸೀರೆ ಸಿಗದ ದಿನಗಳಲ್ಲೂ ಸಿದ್ದಮ್ಮ ಮಗನ ಅಂಗಿಗೆ ಎಲ್ಲಿಂದಲೋ ಬಟ್ಟೆ ಹೊಂದಿಸಿದ್ದಳು. ನಾನು ಮೊದಲು ನೋಡಿದ್ದು ನಂಜನನ್ನು. ದಾರಿಯ ಆ ತುದಿಯಿಂದ ಬರುವಾಗಲೇ ಅವನ ಎಡಭುಜ ಇಳಿದಿತ್ತು. ಕೈ ಹಿಂದಕ್ಕೆ ಕಟ್ಟಿತ್ತು.

‘ಏನ್ಲಾ ನಂಜ, ಇನ್ನೂ ಅಂಗಡಿ ಬಾಗ್ಲಿಗೇ ಬಂದಿಲ್ಲ, ಆಗ್ಲೇ ನಿಂತ್ಬುಟ್ಟಿದ್ದೀಯಲ್ಲ’ ಎಂದೆ.

ಅವನು ನನ್ನನ್ನು ನೋಡಿದ. ಮೊದಲಿನ ಹಾಗೆ ತಿರುಗಿ ಬಯ್ಯಲಿಲ್ಲ. ಸಿದ್ದಮ್ಮ, ‘ಬಾ ಮಾದ, ನಿಂತ್ಕೊ’ ಎಂದಳು. ಅವನು, ‘ಊಂ ಅವ್ವ’ ಎಂದು ಹೋಗಿ ನಿಂತ. ಅವಳು ಅವನನ್ನು ತಿದ್ದಲಿಲ್ಲ. ತಿದ್ದುವುದು ಏನೂ ಉಳಿದಿರಲಿಲ್ಲ. ಕೆಂಪಮ್ಮ ಮಾತ್ರ ಗೋಡೆಯ ಕಡೆಗೆ ತಿರುಗಿ ಕೂತಿದ್ದಳು.

ರಾಯರಿಗೆ ಕಣ್ಣು ಕಾಣದಿದ್ದರೂ ‘ಊಂ ಅವ್ವ’ ಎಂದ ದನಿ ಕೇಳಿಸಿತ್ತು. ನನ್ನನ್ನು ಹತ್ತಿರ ಕರೆದು, ‘ಬೋರಣ್ಣ, ಈ ಸಲ ಅವನಿಗೆ ಟೇಪು ಹಾಕಬೇಡ. ಸಿದ್ದಮ್ಮ ಬಾಯಲ್ಲಿ ಹೇಳಿದ ಅಳತೆಗೇ ಕತ್ತರಿಸು’ ಎಂದರು. ಸಿದ್ದಮ್ಮ ಈಗ ಮಗ ಹೇಗಿರುತ್ತಾನೆಂದು ಹೇಳುತ್ತಾ ಹೋದಳು. ಎದೆ ಬತ್ತಿರುತ್ತದೆ, ಪರದೇಶದ ಅನ್ನ. ಕತ್ತು ಸಣ್ಣಗಾಗಿರುತ್ತದೆ. ತೋಳು ಇಷ್ಟು. ಅವಳು ಹೇಳದೆ ಬಿಟ್ಟ ಬೆನ್ನಿನ ಉದ್ದವೊಂದಕ್ಕೆ ಮೊದಲ ವರ್ಷ ನಂಜನ ಬೆನ್ನಿಗೆ ಟೇಪು ಇಟ್ಟು ಬರೆದುಕೊಂಡದ್ದನ್ನೇ ಹಿಡಿದೆ. ನನ್ನ ಕಣ್ಣಿಗೆ ಎದೆಯ ಅಳತೆ ನಂಜನಿಗೆ ತೀರಾ ಬಿಗಿ. ಅವನ ಎದೆ ಕಂಡವನು ನಾನು.

ಹೊಲಿದು ಮುಗಿಸಿ ಅವನಿಗೆ ತೊಡಿಸಿದೆ. ಗುಂಡಿ ಒಂದೊಂದೇ ಹಾಕಿದೆ. ಎಲ್ಲೂ ಒಂದು ನೆರಿಗೆ ಬೀಳಲಿಲ್ಲ, ಎಲ್ಲೂ ಎಳೆಯಲಿಲ್ಲ. ಇಳಿದ ಭುಜಕ್ಕೆ ಇಳಿಸಿ ಹೊಲಿದ ಅಂಗಿ ನೀರು ಹುಯ್ದ ಹಾಗೆ ಕೂತಿತ್ತು. ಆ ಅಗಲದ ಎದೆ ಎಲ್ಲಿ ಹೋಯಿತು ಎಂದು ನಾನು ಅಂಗೈ ಇಟ್ಟು ನೋಡಿದೆ. ಅಂಗಿಯೊಳಗೆ ಬತ್ತಿದ ಎದೆ ಇತ್ತು. ರಾಯರು ಎದ್ದು ಬಂದು, ಕತ್ತಿನಿಂದ ಸೊಂಟದ ತನಕ ಬೆರಳಲ್ಲಿ ತಡವಿದರು. ಹೋಗಿ ಚಾಪೆಯ ಮೇಲೆ ಕೂತರು.

ಆ ಮೂವರು ಹೋದ ಮೇಲೆ ರಾಯರು ಇನ್ನೂ ಬಿಸಿಲಿದ್ದಾಗಲೇ ಬಾಗಿಲು ಹಾಕು ಎಂದರು.

‘ಇಬ್ಬರಲ್ಲಿ ಒಬ್ಬ ಇಲ್ಲ ಕಣಯ್ಯ’ ಎಂದರು. ‘ಯಾವನು ಅಂತ ನನಗೆ ತಿಳೀತಿಲ್ಲ.’

ಅದಾದ ಮೇಲೆ ನಂಜನ ಸ್ವಂತ ತಾಯಿ ಒಂದು ದಿನ ಅವನ ರಟ್ಟೆ ಹಿಡಿದುಕೊಂಡು ಬಂದಳು. ಅವನಿಗೆ ಹೆಣ್ಣು ಗೊತ್ತಾಗಿತ್ತಂತೆ. ಹೆಣ್ಣಿನವರು ಬಂದು ಹೆಸರು ಹಿಡಿದು ಕರೆದರೆ ಅವನು ತಿರುಗಿ ನೋಡಲಿಲ್ಲವಂತೆ. ಕಿವುಡನೆಂದು ಅವರು ಎದ್ದು ಹೋದರಂತೆ.

‘ಆ ಸಿದ್ದಿಗೆ ಮಗ ಬೇಕು ಅಂತ ನನ್ನ ಮಗನ್ನ ಬಿಚ್ಚಿ ಒಲ್ದುಬುಟ್ರಲ್ಲಪ್ಪ. ಇವನ್ಗೆ ಇವನ್ದೇ ಒಂದು ಅಂಗಿ ಒಲ್ಕೊಡಿ. ನಂಜನ ಅಂಗಿ.’

ಹೊಲಿಯೋಣ ಎಂದೆ. ಅವನನ್ನು ನಡುವೆ ನಿಲ್ಲಿಸಿ ಒರಟು ಬಟ್ಟೆ ಹೊದಿಸಿದೆ. ‘ನಂಜ ಎಂಗೆ ನಿಲ್ತಿದ್ದ ಏಳವ್ವ’ ಎಂದೆ. ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. ದಿನಾ ಕಣ್ಣೆದುರಿಗೆ ಇದ್ದವನನ್ನು ಯಾರು ಅಷ್ಟು ನೋಡಿಟ್ಟುಕೊಂಡಿರುತ್ತಾರೆ? ‘ನೆಟ್ಗೆ ನಿಲ್ತಿದ್ದ’ ಎಂದಳು ಕೊನೆಗೆ. ನಾನು ಅವನ ಎಡಭುಜ ಎತ್ತಿ ನಿಲ್ಲಿಸಿದೆ. ಕೈ ಬಿಟ್ಟೆ. ಇಳಿಯಿತು.

‘ನೀನೇ ಏಳ್ಲಾ’ ಎಂದೆ. ‘ಅಂಗಿ ಎಂಗಿರ್ಬೇಕು ನಿಂಗೆ?’

ಅವನು ಕೈ ಹಿಂದಕ್ಕೆ ಕಟ್ಟಿಕೊಂಡ. ‘ಅವ್ವನ್ನ ಕೇಳು’ ಎಂದ.

‘ನಾನು ಇಲ್ಲೇ ಇವ್ನಲ್ಲೋ ಮಗ’ ಎಂದಳು ಅವಳು.

ಅವನು ಅವಳ ಮುಖ ನೋಡಿದ, ನನ್ನ ಮುಖ ನೋಡಿದ. ಆ ದಿನ ಅಂಗಿ ಹೊಲಿಯಲಾಗಲಿಲ್ಲ.

ಮುಂದಿನ ಯುಗಾದಿಗೆ ಬಟ್ಟೆ ಹೊಲಿಯುವುದಿಲ್ಲ ಎಂದು ರಾಯರು ಸಿದ್ದಮ್ಮನಿಗೆ ಹೇಳಿ ಕಳಿಸಿದರು. ಅವಳು ಕೇಳುವವಳಲ್ಲ, ಹಳೆಯ ಅಂಗಿಗಳನ್ನೇ ಒಗೆದು ಗೂಟಕ್ಕೆ ಹಾಕಿದಳಂತೆ. ಅದೇ ಸುಮಾರಿಗೆ ರಾಯರು ತೀರಿಕೊಂಡರು.

ಯುದ್ಧ ಮುಗಿದು, ನಲವತ್ತಾರರಲ್ಲಿ ಪುಟ್ಟಮಾದ ಬಂದ.

ಬಂದವನು ತನ್ನ ಮನೆ ಬಾಗಿಲಲ್ಲಿ ನಿಂತು, ‘ಅವ್ವ’ ಎಂದನಂತೆ. ಸಿದ್ದಮ್ಮ ಒಳಗಿನಿಂದ ಅಂಗಿ ತಂದು ಮೊದಲು ಅದನ್ನು ತೊಡಿಸಿದಳಂತೆ. ಆಗಲಿಲ್ಲ. ಇನ್ನೊಂದು, ಮತ್ತೊಂದು. ಯಾವುದೂ ಆಗಲಿಲ್ಲ. ಅವಳು ಬಾಗಿಲಿಗೆ ಅಡ್ಡ ನಿಂತು, ‘ಇವನು ನನ್ನ ಮಗ ಅಲ್ಲ’ ಎಂದಳು. ಅವನ ಮುಖ ಬಿಸಿಲು, ಹಸಿವು, ಗಾಯದ ಕಲೆಯಿಂದ ಗುರುತು ಸಿಗದಂತಾಗಿತ್ತು. ಊರ ಯಜಮಾನರು ಕೂತರು. ಅವನು ಹೇಳಿದ ಹಳೆಯ ಮಾತುಗಳನ್ನೆಲ್ಲ ಅವಳು, ‘ಜೊತೇಲಿದ್ದು ಕೇಳ್ಕಂಡು ಬಂದವ್ನೆ’ ಎಂದು ತಳ್ಳಿದಳು. ಕೊನೆಗೆ ಅವರು, ಅಂಗಿ ಹೊಲಿದವನನ್ನೇ ಕೇಳಿ ಎಂದರು. ಅವನು ಅಲ್ಲವೆಂದರೆ ಅಲ್ಲ.

ಒಬ್ಬ ಮನುಷ್ಯನಿಗೆ ಮನೆ ಉಂಟೋ ಇಲ್ಲವೋ, ಒಬ್ಬ ಹೆಂಗಸಿಗೆ ಗಂಡ ಯಾರು ಎಂಬುದು ಹಾಗೆ ನನ್ನ ಜಗಲಿಗೆ ಬಂತು.

ಮಧ್ಯಾಹ್ನ. ಅವರೆಲ್ಲ ಚಾಪೆಯ ಮೇಲೆ ಕೂತರು. ಸಿದ್ದಮ್ಮ ಅಂಗಿಗಳ ಗಂಟು ಬಿಚ್ಚಿದಳು. ಬಂದವನು ನಡುವೆ ನಿಂತ. ಬಿದಿರಿನ ಹಾಗೆ ಸಣಕಲು, ಆದರೆ ಎರಡು ಭುಜವೂ ಒಂದೇ ಸಮ, ಕೈ ತೊಡೆಯ ಪಕ್ಕ ಅಂಟಿಸಿದಂತೆ. ನಾನು ಅಂಗಿ ತೊಡಿಸಿದೆ. ಎಡಭುಜದ ಹತ್ತಿರ ಬಟ್ಟೆ ಎಳೆದು ಮೇಲೆ ಏರಿತು, ಹಿಂದೆ ಚೀಲವಾಯಿತು.

‘ನೀ ಅಳ್ತೆ ತಪ್ಪಿದ್ದೀಯಾ ಬೋರ?’ ಎಂದಳು ಸಿದ್ದಮ್ಮ.

‘ನಾನು ತಪ್ಪಿಲ್ಲ. ನೀವು ಏಳಿದ್ದನ್ನೇ ಒಲ್ದಿವ್ನಿ.’

‘ಅಂಗಾದ್ರೆ ಇವನೇ ತಪ್ಪು.’

ನಾನು ಅವನನ್ನು ಕೇಳಿದೆ: ‘ಎಡಭುಜ ಇಳಿದಿತ್ತಂತಲ್ಲ ನಿಂಗೆ.’

‘ಪಟಾಲಮ್ನಾಗೆ ಮೊದಲ ವಾರದಲ್ಲೇ ಎತ್ತಿಸ್ಬುಟ್ರು ಕಣಣ್ಣ. ದೊಣ್ಣೆ ಇಟ್ಟು ತಿವಿಯೋರು. ಆಮ್ಯಾಕೆ ಇಳೀಲೇ ಇಲ್ಲ.’

ಅಷ್ಟರಲ್ಲಿ ದಾರಿಯಿಂದ ನಂಜ ಬಂದ. ಯಾರೂ ಕರೆದಿರಲಿಲ್ಲ, ಅಂಗಿ ನೋಡುವ ದಿನವೆಂದು ತಾನಾಗಿ ಬಂದಿದ್ದ. ಸಿದ್ದಮ್ಮ ಅವನ ಮೈಮೇಲೇ ಬಿಟ್ಟಿದ್ದ ಮಗನ ಅಂಗಿಯೊಂದನ್ನು ತೊಟ್ಟಿದ್ದ. ಎಡಭುಜ ಇಳಿದು, ಕತ್ತು ಬಲಕ್ಕೆ ವಾಲಿ, ಕೈ ಹಿಂದಕ್ಕೆ ಕಟ್ಟಿ, ಜಗಲಿಯ ಮೆಟ್ಟಿಲ ಕೆಳಗೆ ನಿಂತ. ನಡುವೆ ನಿಂತಿದ್ದವನು ಅವನನ್ನು ನೋಡಿದ. ಜಪಾನಿನವರ ಕೈಯಲ್ಲಿ ಸೆರೆ ಇದ್ದು ಬಂದ ಆಳು, ಒಂದು ಹೆಜ್ಜೆ ಹಿಂದಕ್ಕೆ ಸರಿದ.

‘ನಾನು ಆಗ್ಲೇ ಬಂದ್ಬುಟ್ಟಿವ್ನಲ್ಲ’ ಎಂದ, ನಂಜನ ಮೇಲಿಂದ ಕಣ್ಣು ತೆಗೆಯದೆ, ಮೆಲ್ಲಗೆ. ‘ಮತ್ಯಾಕೆ ನನ್ನ ನಿಲ್ಲಿಸಿದ್ದೀರಿ?’

ಅವನು ಅಂಗಿ ಬಿಚ್ಚಿ ಹೊರಡಲು ತಿರುಗಿದ. ಆಗ ಗೋಡೆಯ ಕಡೆ ಕೂತಿದ್ದ ಕೆಂಪಮ್ಮ ಎದ್ದಳು. ಗಂಡಸರ ನಡುವೆ ಅವಳು ಎದ್ದು ನಿಂತದ್ದನ್ನು ನಾನು ಆವರೆಗೆ ನೋಡಿರಲಿಲ್ಲ.

‘ಬೋರಣ್ಣ, ಟೇಪು ತಗಾ’ ಎಂದಳು. ಎಡಗೈಯ ಗೇಣು ಅಗಲಿಸಿ ಗೋಡೆಯ ಮೇಲೆ ಇಟ್ಟಳು. ಅದರ ಕೆಳಗೆ ಇನ್ನೊಂದು ಗೇಣು, ಅದರ ಕೆಳಗೆ ಹೆಬ್ಬೆರಳು ಅಡ್ಡ. ‘ಕತ್ತಿನ ಮೂಳೆಯಿಂದ ಉಡಿದಾರದ ಗಂಟಿನ ತಂಕ ಇಷ್ಟು. ಮೊದ್ಲು ಗೋಡೆ ಮೇಲೆ ಅಳ್ದು ನೋಡು. ಆಮೇಲೆ ಅವ್ರ ಬೆನ್ನು.’

ಗೋಡೆಯ ಮೇಲಿನದನ್ನು ಅಳೆದೆ. ಬಂದವನ ಬರಿ ಬೆನ್ನಿಗೆ ಟೇಪು ಇಟ್ಟೆ. ಒಂದು ನೂಲಿನ ಎಳೆಯಷ್ಟೂ ಆಚೀಚೆ ಇರಲಿಲ್ಲ. ನಂಜನ ಬೆನ್ನು ಅದಕ್ಕಿಂತ ಎರಡು ಬೆರಳು ಉದ್ದ. ಅದು ನನಗೆ ಮೊದಲೇ ಗೊತ್ತು.

‘ಬುಜ ಎತ್ಬೋದು ಅತ್ತೆ, ಇಳಿಸ್ಬೋದು’ ಎಂದಳು ಕೆಂಪಮ್ಮ. ‘ಬೆನ್ನು ಯಾರು ಉದ್ದ ಮಾಡ್ತಾರೆ? ಇವ್ರೇ ಕಣತ್ತೆ.’

ಸಿದ್ದಮ್ಮ ಅವಳನ್ನೇ ನೋಡಿದಳು. ‘ಇಷ್ಟು ವರ್ಸ ಬಂದು ಕೂತಿದ್ದೆ. ಈ ಅಳ್ತೆ ಯಾಕೆ ಏಳ್ಲಿಲ್ಲ?’

‘ನೀವು ಕೇಳ್ಲಿಲ್ಲ. ಕೇಳಿದ್ರೂ ಏಳ್ತಿರ್ಲಿಲ್ಲ. ನೀವು ಏಳಿದ್ದೆಲ್ಲ ಒಂದೊಂದೇ ಆ ನಂಜಣ್ಣನ್ಗೆ ಓಯ್ತಿತ್ತು. ಇದ್ನೂ ಏಳಿದ್ರೆ ಇದೂ ಓಗ್ಬುಡ್ತಿತ್ತು. ಅವ್ರದು ಅಂತ ಒಂದಾದ್ರೂ ಉಳೀಲಿ ಅಂತ ಇಟ್ಕಂಡಿದ್ದೆ.’

ಸಿದ್ದಮ್ಮ ಎದ್ದು ಬಂದು ಮಗನ ಬೆನ್ನ ಮೇಲೆ ಅಂಗೈ ಒತ್ತಿದಳು, ಬಟ್ಟೆಯ ಮೇಲೆ ಒತ್ತುವ ಹಾಗೆಯೇ. ಬಹಳ ಹೊತ್ತು ತೆಗೆಯಲಿಲ್ಲ. ಆಮೇಲೆ ಮೆಟ್ಟಿಲ ಕೆಳಗೆ ನಿಂತಿದ್ದವನ ಕಡೆ ತಿರುಗಿ, ‘ಅಂಗಾದ್ರೆ ಇವನು ಯಾರು?’ ಎಂದಳು. ಬೇಕೆಂದು ನೋಯಿಸಲು ಕೇಳಿದ್ದಲ್ಲ. ನಿಜವಾಗಿ ತಿಳಿಯದೆ ಕೇಳಿದ್ದು.

‘ನಂಜೇಗೌಡ’ ಎಂದೆ ನಾನು, ಗಟ್ಟಿಯಾಗಿ.

ಅವನು ಆ ಹೆಸರನ್ನು ಬಾಯೊಳಗೇ ಎರಡು ಸಲ ಹೇಳಿಕೊಂಡ. ಗುಂಡಿ ಬಿಚ್ಚಿ, ಅಂಗಿಯನ್ನು ಮಡಿಸಿ ಜಗಲಿಯ ಮೇಲಿಟ್ಟು, ಬರಿಮೈಯಲ್ಲಿ ಮದ್ದೂರು ದಾರಿ ಹಿಡಿದು ಹೋದ. ಅವನ ತಾಯಿ ಹುಡುಕಿಸಿದಳು. ಊರಿಗೆ ಅವನು ಬರಲಿಲ್ಲ.

ಅವನು ನನಗೆ ಸಿಕ್ಕಿದ್ದು ಮರುವರ್ಷ, ಮದ್ದೂರಿನಲ್ಲಿ. ರೈಲ್ವೆ ಸ್ಟೇಷನ್ನಿನ ಹತ್ತಿರ ಬೆಲ್ಲದ ಮೂಟೆ ಹೊರುತ್ತಿದ್ದ. ಮೈಮೇಲೆ ಮಂಡ್ಯದ ಪೇಟೆಯಲ್ಲಿ ಕೊಂಡ ರೆಡಿಮೇಡ್ ಅಂಗಿ. ಭುಜ ಮೊಣಕೈಗೆ ಇಳಿಯುತ್ತಿತ್ತು, ಕಾಲರಿನೊಳಗೆ ಎರಡು ಕತ್ತು ಹಿಡಿಯುತ್ತಿತ್ತು, ಕಂಕುಳು ಆಗಲೇ ಹರಿದಿತ್ತು.

‘ಏನ್ಲಾ ಇದು, ಬೆದ್ರುಬೊಂಬೆ ಅಂಗೆ. ಬಾ ಮಳವಳ್ಳಿಗೆ, ನಿನ್ಗೆ ಅಂತಾನೇ ಒಂದು ಒಲ್ಕೊಡ್ತೀನಿ. ಯಾರೂ ಕೂರದು ಬ್ಯಾಡ. ನೀನು, ನಾನು, ಇಬ್ರೇ.’

ಮೂಟೆ ಇಳಿಸಿ ಅವನು ನಕ್ಕ. ಹಳೆಯ ನಂಜ ಹೀಗೆಯೇ ನಗುತ್ತಿದ್ದನೋ ಏನೋ, ನನಗೆ ನೆನಪಾಗಲಿಲ್ಲ.

‘ಬ್ಯಾಡ ಕಣ್ಲಾ ಬೋರ. ಇದು ಯಾರ ಅಂಗೀನೂ ಅಲ್ಲ. ಒಳ್ಗೆ ನಾನೊಬ್ನೇ ಇವ್ನಿ. ಆಯಾಗಿವ್ನಿ.’

ಅವನು ಮೂಟೆ ಹೊತ್ತು ಹೋಗುವಾಗ ಹಿಂದಿನಿಂದ ನೋಡಿದೆ. ಆ ದೊಗಲೆ ಬಟ್ಟೆಯಲ್ಲಿ ಯಾವ ಭುಜ ಮೇಲೆ, ಯಾವ ಭುಜ ಕೆಳಗೆ ಎಂಬುದು ನನ್ನಂಥವನ ಕಣ್ಣಿಗೂ ತಿಳಿಯಲಿಲ್ಲ.

ಹುಡುಗರಿಗೆ ನಾನು ಹೇಳುವುದು ಇಷ್ಟೇ. ಜನರನ್ನು ಕೂರಿಸಿಕೊಂಡು ಹೊಲಿಯಿರಿ. ಕಂಕುಳಿನ ಚೌಕ ಅಜ್ಜಿಯ ಬಾಯಿಂದ ಬರುತ್ತದೆ, ಪುಸ್ತಕದಿಂದ ಬರುವುದಿಲ್ಲ. ಆದರೆ ಒಬ್ಬನನ್ನು ನಿಲ್ಲಿಸಿ ಇನ್ನೊಬ್ಬನಿಗೆ ಕತ್ತರಿಸಬೇಡಿ. ನಾಲ್ಕು ಜನ ಸೇರಿ ಒಂದೇ ಆಕಾರ ಹೇಳಿದರೆ, ಅದನ್ನು ತಡೆದು ನಿಲ್ಲುವ ಮೈ ಯಾವುದೂ ಇಲ್ಲ. ಮೂಲೆಯಲ್ಲಿ ಸುಮ್ಮನೆ ಕೂತವರನ್ನೂ ಕೇಳಿ. ಕೇಳಿದ ಮೇಲೂ ಅವರು ಹೇಳದಿದ್ದರೆ, ಬಲವಂತ ಮಾಡಬೇಡಿ.

ಅಂಗಡಿ ಮುಚ್ಚಿ ಬಹಳ ದಿನವಾಯಿತು. ಈಗ ನನ್ನ ಹತ್ತಿರ ಇರುವುದು: ಎರಡು ಅಂಕಣದ ಹೆಂಚಿನ ಮನೆ, ಒಂದು ಕಾಲ್ಮಿಷನ್ನು, ಸಾಣೆ ಹಿಡಿಸಿದ ಎರಡು ಕತ್ತರಿ, ಹಿತ್ತಲಲ್ಲಿ ಒಂದು ತೆಂಗು, ಕಿವಿ ಸರಿಯಿಲ್ಲದ ಹೆಂಡತಿ, ಮದ್ದೂರಿಗೆ ಕೊಟ್ಟ ಮಗಳು, ಚೆನ್ನಾಗಿ ಕಾಣುವ ಒಂದು ಕಣ್ಣು, ನಾನೇ ಹೊಲಿದುಕೊಂಡ ನಾಲ್ಕು ಅಂಗಿ.